ಹೊರಡುವ ಮೊದಲೇ ವಾಪಸ್ ಬರುವ ತಾರೀಖು ಬರೆಯಿರಿ: ಮಿಷನ್ ಕಮಿಟಿಗಳಿಗೆ ಒಬ್ಬ ಖಜಾಂಚಿಯ ಮಾತು

ನಮ್ಮ ಸಭೆಯ, ಅಂದರೆ ಚರ್ಚಿನ, ಮಿಷನ್ ಕಮಿಟಿಗೆ ನಾನು 19 ವರ್ಷ ಖಜಾಂಚಿಯಾಗಿದ್ದೆ. ಯೇಸುವಿನ ಸುವಾರ್ತೆ ಸಾರಲು ಬೇರೆ ಊರುಗಳಿಗೆ ಜನರನ್ನೂ ಹಣವನ್ನೂ ಕಳಿಸುವ ಕಮಿಟಿ ಅದು. ನನಗೆ ಪ್ರಸಂಗ ಮಾಡಲು ಬರುವುದಿಲ್ಲ. ಹಾಡಲಂತೂ ಬರುವುದೇ ಇಲ್ಲ. ಲೆಕ್ಕ ಬರುತ್ತದೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಲೆಕ್ಕದ ಪುಸ್ತಕದ ಕಡೆಯಿಂದ ಬಂದ ಮಾತು, ಸ್ವಲ್ಪ ಸಹಿಸಿಕೊಳ್ಳಿ.

ಆ ಪುಸ್ತಕಗಳಲ್ಲಿ ಎರಡು ಊರಿನ ಲೆಕ್ಕ ಇದೆ. ಮೊದಲನೆಯದು ಬೆಟ್ಟದ ಈಚೆಯ ಊರು. ಮುಂದೆ 'ಬೆಟ್ಟದ ಊರು' ಎಂದರೆ ಇದೇ. ಅಲ್ಲಿ ನಾವು 14 ವರ್ಷ ಹಣ ಹಾಕಿದೆವು. ಸುವಾರ್ತಿಕರ ಸಂಬಳ, ಪ್ರಾರ್ಥನಾ ಮಂದಿರ, ಜನರೇಟರ್, ಮೋಟಾರ್ ಬೈಕ್, ಎರಡು ಗಿಟಾರ್, ವರ್ಷಕ್ಕೊಂದು ಸಮ್ಮೇಳನ. ವರ್ಷವರ್ಷವೂ ಚೆಂದದ ವರದಿ ಬರುತ್ತಿತ್ತು. ಒಂದು ಸಲ ನಮ್ಮಿಂದ ಹಣ ಕಳಿಸಲು ಆಗದೆ ನಿಲ್ಲಿಸಿದೆವು. ಮೂರೇ ತಿಂಗಳಲ್ಲಿ ಅಲ್ಲಿನ ಆರಾಧನೆಯೂ ನಿಂತಿತು.

ಎರಡನೆಯದು ಅದೇ ಬೆಟ್ಟದ ಆಚೆಯ ಊರು. ಅಲ್ಲಿಗೆ ನಾವು ಕೊಟ್ಟದ್ದು ಏಳು ಬೈಬಲ್, ಜೊತೆಗೆ ಒಬ್ಬ ಮನುಷ್ಯನ ಎರಡು ವರ್ಷದ ಖರ್ಚು. ಅದರ ಲೆಕ್ಕ ಒಂದೇ ಪುಟಕ್ಕೆ ಮುಗಿದಿದೆ. ಅವರು ಇವತ್ತಿಗೂ ಒಬ್ಬರ ಮನೆಯಲ್ಲಿ ಸೇರುತ್ತಾರೆ. ಪಕ್ಕದ ಎರಡು ಊರಿಗೂ ಹೋಗಿ ಬರುತ್ತಿದ್ದಾರಂತೆ. ನಮ್ಮನ್ನು ಕೇಳಿಕೊಂಡೇನೂ ಹೋಗಿಲ್ಲ.

ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ಮಿಷನ್‌ಗಳ ಚರಿತ್ರೆ ಓದಲು ಶುರು ಮಾಡಿದೆ. ನಾವು ಮಾಡಿದ ತಪ್ಪನ್ನು 150 ವರ್ಷ ಹಿಂದೆಯೇ ಬೇರೆಯವರು ಮಾಡಿ, ತಿದ್ದಿಕೊಳ್ಳುವ ದಾರಿಯನ್ನೂ ಬರೆದಿಟ್ಟಿದ್ದರು. ನಾವು ಓದಿರಲಿಲ್ಲ, ಅಷ್ಟೇ. ನಿಮ್ಮ ಸಭೆಯವರು ಹೊಸದಾಗಿ ಒಂದು ಕಡೆ ಕೆಲಸ ಶುರು ಮಾಡಬೇಕು ಅಂತ ಮಾತಾಡುತ್ತಿದ್ದರೆ, ಮೊದಲ ಕಾಣಿಕೆ ಎತ್ತುವ ಮುಂಚೆ ಇದನ್ನು ಓದಿ.

ಮೊದಲ ಪುಟ, ನಾಲ್ಕನೇ ಕಾಲಂ

ಒಂದು ಹೊಸ ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ಕೆಲಸ ಶುರುವಾಗುವ ತಾರೀಖು ಬರೆಯಬೇಡಿ. ನೀವು ಅಲ್ಲಿಂದ ಹೊರಡುವ ತಾರೀಖು ಬರೆಯಿರಿ. ಅದು ಅಂದಾಜೇ ಆಗಿರಲಿ. ಮುಂದೆ ಬದಲಾದರೂ ಪರವಾಗಿಲ್ಲ. ಆದರೆ ಹಳೆಯದನ್ನು ಅಳಿಸಬೇಡಿ. ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಹೊಸ ತಾರೀಖು ಬರೆದು, ಯಾಕೆ ಬದಲಾಯಿತು ಎಂದು ಒಂದು ಸಾಲು ಸೇರಿಸಿ. ಮೂರು ಸಲ ಗೆರೆ ಬಿದ್ದ ಪುಟ ಯಾರನ್ನಾದರೂ ಯೋಚನೆಗೆ ಹಚ್ಚುತ್ತದೆ.

ಎರಡನೇ ಪುಟದಿಂದ ನಾಲ್ಕು ಕಾಲಂ ಹಾಕಿ. ಕೆಲಸ ಯಾವುದು, ಈಗ ಮಾಡುವವರು ಯಾರು, ಖರ್ಚು ಯಾರದು. ನಾಲ್ಕನೆಯದರ ತಲೆಯ ಮೇಲೆ ಹೀಗೆ ಬರೆಯಿರಿ: 'ನಾವು ಹೋದ ಮೇಲೆ ಯಾರು?' ಭಾನುವಾರದ ಆರಾಧನೆ ನಡೆಸುವುದು, ಮಕ್ಕಳಿಗೆ ಕಲಿಸುವುದು, ಸತ್ತವರ ಮನೆಗೆ ಹೋಗುವುದು, ಜನರೇಟರ್‌ಗೆ ಎಣ್ಣೆ ಹಾಕುವುದು, ಎಲ್ಲಕ್ಕೂ ಒಂದೊಂದು ಸಾಲು. ನಾಲ್ಕನೇ ಕಾಲಂ ಖಾಲಿ ಇದ್ದರೆ ಆ ಖರ್ಚಿನ ವೋಚರ್‌ಗೆ ಸಹಿ ಹಾಕಬೇಡಿ. ಖಜಾಂಚಿಗೆ ಇರುವ ಅಧಿಕಾರ ಅದೊಂದೇ, ಅದನ್ನು ಬಳಸಿ.

ಇದು ನನ್ನ ಬುದ್ಧಿಯಲ್ಲ. ಹೆನ್ರಿ ವೆನ್ 1841ರಿಂದ 1872ರವರೆಗೆ ಲಂಡನ್ನಿನ ಚರ್ಚ್ ಮಿಷನರಿ ಸೊಸೈಟಿಯ ಕಾರ್ಯದರ್ಶಿಯಾಗಿದ್ದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಮೆರಿಕನ್ ಬೋರ್ಡ್ ಎಂಬ ಮಿಷನ್ ಸಂಸ್ಥೆಯಲ್ಲಿ ರೂಫಸ್ ಆಂಡರ್ಸನ್ ಇದ್ದರು. ಇಬ್ಬರೂ ಕಚೇರಿಯ ಮೇಜಿನ ಮುಂದೆ ಕೂತು ದೂರದಿಂದ ಬಂದ ಪತ್ರ, ಲೆಕ್ಕ ಓದುವವರು. ಅದಕ್ಕೇ ನನಗೆ ಅವರ ಮೇಲೆ ಒಂದು ಬಗೆಯ ಬಂಧುಭಾವ. ಇಬ್ಬರೂ ಒಂದೇ ಮಾತಿಗೆ ಬಂದು ನಿಂತರು. ಹೊಸ ಸಭೆ ತನ್ನನ್ನು ತಾನೇ ನಡೆಸಿಕೊಳ್ಳಬೇಕು, ತನ್ನ ಖರ್ಚು ತಾನೇ ನೋಡಿಕೊಳ್ಳಬೇಕು, ಸುವಾರ್ತೆಯನ್ನು ತಾನೇ ಮುಂದಕ್ಕೆ ಒಯ್ಯಬೇಕು. ಸಭೆ ತನ್ನ ಕಾಲ ಮೇಲೆ ನಿಂತ ಮೇಲೆ ಮಿಷನ್ ಅಲ್ಲಿ ಇರಬಾರದು. ವೆನ್ ಇದನ್ನು ಮಿಷನ್‌ನ ಸುಖಮರಣ ಎಂದೇ ಕರೆದರು. ಗೋಡೆ ಎದ್ದ ಮೇಲೆ ಸಾರುವೆ ಬಿಚ್ಚುತ್ತೇವಲ್ಲ, ಹಾಗೆ.

ಎಷ್ಟು ವರ್ಷ ಹಾಕಬೇಕು ಎಂದು ಕೇಳುತ್ತೀರಿ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕವನ್ನು ಪೆನ್ಸಿಲ್ ಹಿಡಿದು ಓದಿ. ಊರೂರಿಗೆ ಸುವಾರ್ತೆ ಒಯ್ದ ಪೌಲನು ಥೆಸಲೊನೀಕದ ಯೆಹೂದ್ಯರ ಸಭಾಮಂದಿರದಲ್ಲಿ ಮಾತಾಡಿದ್ದು ಮೂರು ಸಬ್ಬತ್ (ವಾರದ ವಿಶ್ರಾಂತಿ) ದಿನ. ಕೊರಿಂಥದಲ್ಲಿ ಇದ್ದದ್ದು ಒಂದೂವರೆ ವರ್ಷ. ಎಫೆಸದಲ್ಲಿ ಮೂರು ವರ್ಷ. ಉತ್ತರ ಚೀನಾದಲ್ಲಿ ಕೆಲಸ ಮಾಡಿ ಬಂದ ರೋಲಂಡ್ ಅಲೆನ್ 1912ರಲ್ಲಿ ಒಂದು ಪುಸ್ತಕವನ್ನೇ ಬರೆದು, ಪೌಲನ ರೀತಿ ಎಲ್ಲಿ, ನಮ್ಮ ರೀತಿ ಎಲ್ಲಿ ಎಂದು ಎಲ್ಲರನ್ನೂ ಕೆಣಕಿದರು. ಆದರೆ ಪೌಲನ ಲೆಕ್ಕವನ್ನು ಹಾಗೇ ನಕಲು ಮಾಡಬೇಡಿ. ಅವನು ಹೋದ ಎಷ್ಟೋ ಊರುಗಳಲ್ಲಿ ಶಾಸ್ತ್ರ ಓದಿಕೊಂಡ ಜನ ಆಗಲೇ ಇದ್ದರು, ಭಾಷೆಯೂ ಗೊತ್ತಿತ್ತು. ನಿಮಗೆ ಆ ಎರಡೂ ಇಲ್ಲದಿರಬಹುದು. ನನ್ನ ಅನುಭವದಲ್ಲಿ ಭಾಷೆ ಕಲಿಯುವ ಸಮಯ ಬಿಟ್ಟು ಐದರಿಂದ ಏಳು ವರ್ಷ ಹಾಕಿದರೆ ಸರಿಹೋಗುತ್ತದೆ. 14 ಮಾತ್ರ ಬೇಡ.

ಅಲ್ಲಿ ಆಗಲೇ ಯಾರಿದ್ದಾರೆ?

ಮುಂದೆ ಬಂಗಾಳಕ್ಕೆ ಮಿಷನರಿಯಾಗಿ ಬಂದ ಇಂಗ್ಲೆಂಡಿನ ವಿಲಿಯಂ ಕೇರಿ ಷೂ ಹೊಲಿಯುವ ಕೆಲಸ ಮಾಡಿದವರು. 1792ರಲ್ಲಿ ಅವರು ತಂದ ಸಣ್ಣ ಪುಸ್ತಕದಲ್ಲಿ ಪುಟಗಟ್ಟಲೆ ಪಟ್ಟಿಗಳಿವೆ. ದೇಶ, ಅದರ ಉದ್ದಗಲ, ಜನಸಂಖ್ಯೆ, ಧರ್ಮ. ಹುಮ್ಮಸ್ಸಿನ ಮಾತಿಗಿಂತ ಆ ಪಟ್ಟಿಗಳೇ ನನಗೆ ಇಷ್ಟ. ನೀವೂ ಹೋಗಲಿರುವ ಜಾಗಕ್ಕೆ ಒಂದು ಪಟ್ಟಿ ಮಾಡಿ. ಮನೆಯಲ್ಲಿ ಯಾವ ಭಾಷೆ, ಸಂತೆಯಲ್ಲಿ ಯಾವ ಭಾಷೆ? ಯಾರ ಮಾತಿಗೆ ಊರು ತಲೆದೂಗುತ್ತದೆ? ಯಾರು ಯಾರ ಮನೆಗೆ ಹೋಗುತ್ತಾರೆ, ಯಾರು ಹೋಗುವುದಿಲ್ಲ? ಅಲ್ಲಿನ ಕಾನೂನು ಏನು ಹೇಳುತ್ತದೆ? ಕೊನೆಯ ಪ್ರಶ್ನೆಗೆ ವಕೀಲರನ್ನೇ ಕೇಳಿ, ಪರಿಚಯದವರನ್ನಲ್ಲ.

ಊರಿನ ಹೆಸರು ಮಾತ್ರ ನೋಡಿದರೆ ಸಾಲದು. 1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಸುವಾರ್ತೆ ಸಾರುವ ಕೆಲಸದ ಬಗ್ಗೆ ದೊಡ್ಡ ಸಮ್ಮೇಳನ ನಡೆಯಿತು. ಅಲ್ಲಿ ಅಮೆರಿಕದ ಮಿಷನ್ ವಿದ್ವಾಂಸ ರಾಲ್ಫ್ ವಿಂಟರ್ ಹೇಳಿದ್ದು ಇದನ್ನೇ. ಒಂದು ದೇಶದಲ್ಲಿ ಸಭೆ ಇದೆ ಅಂದಮಾತ್ರಕ್ಕೆ ಅಲ್ಲಿನ ಎಲ್ಲ ಜನರಿಗೂ ಅದು ಹತ್ತಿರದ್ದಲ್ಲ. ಭಾಷೆ, ಬಳಕೆ ಬೇರೆಯಾದರೆ ಪಕ್ಕದ ಬೀದಿಯೂ ದೂರವೇ. ಆ ಮಾತಿನಿಂದ ಮಿಷನ್‌ಗಳು ದೇಶ ಎಣಿಸುವುದನ್ನು ಬಿಟ್ಟು ಜನಸಮುದಾಯಗಳನ್ನು ಎಣಿಸಲು ಕಲಿತವು. ಅದು ಒಳ್ಳೆಯದೇ. ಒಂದು ಅಪಾಯವೂ ಇದೆ. 'ಯಾರೂ ಮುಟ್ಟದ ಜನ' ಎಂಬ ಮಾತು ವರದಿಗೆ ಬಲು ರುಚಿ. ನಾವೂ ಬೆಟ್ಟದ ಊರಿನ ಬಗ್ಗೆ ಹಾಗೇ ಬರೆದೆವು. ಅಲ್ಲಿಂದ ಒಂದು ಗಂಟೆ ನಡೆದರೆ ಒಂದು ಪುಟ್ಟ ಸಭೆ ಇತ್ತು. ಆ ಸಭೆಯವರು ಎಷ್ಟೋ ವರ್ಷಗಳಿಂದ ಆ ಊರಿಗಾಗಿ ಪ್ರಾರ್ಥನೆ ಮಾಡುತ್ತಿದ್ದರು. ನಾವು ಅವರನ್ನು ಒಂದು ಮಾತೂ ಕೇಳಿರಲಿಲ್ಲ.

ಕೊರಿಯಾದ ಕಥೆಯೂ ಇಂಥದ್ದೇ. ಜಾನ್ ರಾಸ್ ಎಂಬ ಸ್ಕಾಟ್ಲೆಂಡಿನ ಮಿಷನರಿ ಮಂಚೂರಿಯಾದಲ್ಲಿ ಕೂತು, ಅಲ್ಲಿಗೆ ಬಂದ ಕೊರಿಯಾದವರ ಜೊತೆ ಸೇರಿ ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯನ್ನು ಅವರ ಭಾಷೆಗೆ ಅನುವಾದ ಮಾಡಿದರು. 1887ರಲ್ಲಿ ಅದು ಪೂರ್ತಿ ಅಚ್ಚಾಯಿತು. ಅದಕ್ಕೂ ಮೊದಲೇ ಅದರ ಬಿಡಿ ಸುವಾರ್ತೆ ಪುಸ್ತಕಗಳು ಗಡಿ ದಾಟಿ ಕೊರಿಯಾದ ಒಳಗೆ ಹೋಗಿದ್ದವು. 1885ರಲ್ಲಿ ಅಮೆರಿಕದ ಮಿಷನರಿಗಳಾದ ಅಂಡರ್‌ವುಡ್, ಅಪೆನ್‌ಜೆಲರ್ ಹಡಗಿಳಿದಾಗ ಸೊರೆ ಎಂಬ ಹಳ್ಳಿಯಲ್ಲಿ ಕೊರಿಯಾದವರೇ ಕಟ್ಟಿಕೊಂಡ ವಿಶ್ವಾಸಿಗಳ ಗುಂಪಿತ್ತು. ಅಲ್ಲಿ ಬಿತ್ತಿದವರು ಊರಿನವರೇ.

ಭಾಷೆಗೆ ಎರಡು ವರ್ಷ ಕೊಡಿ

ಕಮಿಟಿಯಲ್ಲಿ ಅತಿ ಜಾಸ್ತಿ ಜಗಳ ಆಗುವುದು ಇಲ್ಲೇ. 'ಎರಡು ವರ್ಷ ಸುಮ್ನೆ ಕೂರಿಸಿ ಖರ್ಚು ಕೊಡುವುದಾ?' ಎಂದು ಒಬ್ಬರು ಕೇಳೇ ಕೇಳುತ್ತಾರೆ. ನಮ್ಮಲ್ಲಿ ಕೇಳಿದವಳು ನಾನೇ. ಈಗ ನನ್ನ ಉತ್ತರ: ಹೌದು, ಕೊಡಿ. ಭಾಷೆ ಕಲಿಯುವುದು ಕೆಲಸಕ್ಕೆ ಮುಂಚಿನ ತಯಾರಿ ಅಂತ ನಾನು ಅಂದುಕೊಂಡಿದ್ದೆ. ಆದರೆ ಕೆಲಸದ ಮೊದಲ ಭಾಗವೇ ಅದು.

1706ರ ಜುಲೈಯಲ್ಲಿ ಜರ್ಮನಿಯ ಮಿಷನರಿ ಬಾರ್ಥೊಲೊಮೇಯಸ್ ಜೀಗನ್‌ಬಾಲ್ಗ್ ತಮಿಳುನಾಡಿನ ಕರಾವಳಿಯ ತರಂಗಂಬಾಡಿಗೆ ಬಂದಿಳಿದರು. ಕಳಿಸಿದ್ದು ಡೆನ್ಮಾರ್ಕಿನ ರಾಜ. ಅವರು ಮಕ್ಕಳ ಪಾಠಶಾಲೆಯಲ್ಲಿ ಮಕ್ಕಳ ಪಕ್ಕದಲ್ಲೇ ಕೂತು ಮರಳಿನ ಮೇಲೆ ಬೆರಳಾಡಿಸಿ ತಮಿಳು ಅಕ್ಷರ ತಿದ್ದಿದರು. 1715ರ ಹೊತ್ತಿಗೆ ತಮಿಳಿನ ಹೊಸ ಒಡಂಬಡಿಕೆ ಅಚ್ಚಾಗಿತ್ತು. ಅದೆಲ್ಲ ಮರಳಿನಿಂದ ಶುರುವಾದದ್ದು. ಕೇರಿಯವರದು ಇನ್ನೂ ನಿಧಾನ. ಬಂಗಾಳಕ್ಕೆ ಬಂದದ್ದು 1793ರಲ್ಲಿ, ಕೃಷ್ಣ ಪಾಲ್ ಎಂಬ ಬಡಗಿಗೆ, ಮೊದಲ ವಿಶ್ವಾಸಿಗೆ, ಕ್ರೈಸ್ತನಾಗುವ ದೀಕ್ಷಾಸ್ನಾನ ಆದದ್ದು 1800ರ ಡಿಸೆಂಬರಿನಲ್ಲಿ. ಏಳು ವರ್ಷ! ಅವರು ನಮ್ಮ ಕಮಿಟಿಯ ಕೈಕೆಳಗೆ ಇದ್ದಿದ್ದರೆ ಮೂರನೇ ವರ್ಷಕ್ಕೇ ವಾಪಸ್ ಕರೆಸುತ್ತಿದ್ದೆವು.

ಕೇರಿಯವರಿಂದ ಕಲಿಯಬೇಕಾದ ಇನ್ನೊಂದು ಪಾಠ ಸ್ವಲ್ಪ ಕಹಿ. ಬಂಗಾಳದ ಸೆರಾಂಪುರದಲ್ಲಿದ್ದ ಅವರ ಅಚ್ಚುಕೂಟದಿಂದ ಬೈಬಲ್ಲೋ ಅದರ ಭಾಗಗಳೋ ಸುಮಾರು 40 ಭಾಷೆಗಳಲ್ಲಿ ಹೊರಬಂದವು. ಅವುಗಳಲ್ಲಿ ಎಷ್ಟನ್ನೋ ಮುಂದಿನವರು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಪಟ್ಟಿ ಉದ್ದವಾದಷ್ಟೂ ಕೆಲಸ ತೆಳುವಾಗುತ್ತದೆ. ನಿಮಗೆ ಒಂದೇ ಭಾಷೆ ಸಾಕು.

ಕಲಿಯುವುದು ಹೇಗೆ? ನಮ್ಮ ಎರಡನೇ ಊರಿಗೆ ಹೋಗಿದ್ದವರು ಮಾಡಿದ್ದನ್ನು ಹೇಳುತ್ತೇನೆ. ಅವರು ಒಂದು ಮನೆಯ ಹೊರಗಿನ ಕೋಣೆಯಲ್ಲಿ ಬಾಡಿಗೆಗೆ ಇದ್ದರು. ಮೊದಲ ವರ್ಷ ಒಂದು ಪ್ರಸಂಗವನ್ನೂ ಮಾಡಲಿಲ್ಲ. ಬೇರೆಯವರ ಬಾಯಿಯಿಂದ ಅನುವಾದವನ್ನೂ ಮಾಡಿಸಲಿಲ್ಲ. ದಿನಕ್ಕೆ ಹತ್ತು ಹೊಸ ಮಾತು ಬರೆದುಕೊಂಡು, ಅದನ್ನು ಅದೇ ದಿನ ಬೇರೆ ಬೇರೆ ಹತ್ತು ಜನರ ಹತ್ತಿರ ಆಡಿ ನೋಡುತ್ತಿದ್ದರು. ಮೊದಲು ಕಲಿತದ್ದು ಸಂಬಂಧ ಹೇಳುವ ಮಾತುಗಳನ್ನು, ಆಮೇಲೆ ಜಗಳದ ಮಾತುಗಳನ್ನು, ಆಮೇಲೆ ಸಾವಿನ ಮನೆಯಲ್ಲಿ ಆಡುವ ಮಾತುಗಳನ್ನು. 'ಕ್ಷಮೆ' ಎಂಬ ಮಾತು ನಿಜವಾಗಿ ಎಲ್ಲಿ ಬಳಕೆಯಾಗುತ್ತದೆ ಎಂದು ಜಗಳ ನೋಡಿದರೆ ತಾನೇ ಗೊತ್ತಾಗುವುದು? ಅವರು ತಮಗೆ ತಾವೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದರು. ಆ ಭಾಷೆಯಲ್ಲಿ ಒಂದು ತಮಾಷೆ ಹೇಳಿದಾಗ ಮಕ್ಕಳು ನಗಬೇಕು. ಅದಕ್ಕೆ 16 ತಿಂಗಳು ಹಿಡಿಯಿತಂತೆ.

ಭಾಷೆಯ ಬೆಲೆ ಪೂರ್ತಿ ಗೊತ್ತಾಗುವುದು ನೀವು ಇಲ್ಲದಿರುವಾಗ. ಮಡಗಾಸ್ಕರ್‌ನಲ್ಲಿ ರಾಣಿ ರನವಲೋನಾಳ ಆಳ್ವಿಕೆಯಲ್ಲಿ ಕ್ರೈಸ್ತರಾಗುವುದನ್ನು ನಿಷೇಧಿಸಿದರು. ಮಿಷನರಿಗಳು 1835ರಲ್ಲಿ ಮಲಗಾಸಿ ಬೈಬಲ್ಲನ್ನು ಅಚ್ಚು ಹಾಕಿ ಮುಗಿಸಿ, ಮರುವರ್ಷ ದೇಶ ಬಿಟ್ಟರು. ಆಮೇಲೆ ಕಾಲು ಶತಮಾನ ಕಿರುಕುಳ. ಎಷ್ಟೋ ಜನ ಪ್ರಾಣ ಬಿಟ್ಟರು. 1861ರಲ್ಲಿ ರಾಣಿ ತೀರಿಕೊಂಡ ಮೇಲೆ ಮಿಷನರಿಗಳು ವಾಪಸ್ ಬಂದು ನೋಡಿದರೆ, ತಾವು ಬಿಟ್ಟು ಹೋದಾಗ ಇದ್ದದ್ದಕ್ಕಿಂತ ವಿಶ್ವಾಸಿಗಳು ಹೆಚ್ಚಾಗಿದ್ದರು. ಅಷ್ಟು ವರ್ಷ ಅವರ ಕೈಯಲ್ಲಿ ಸಂಬಳವಿರಲಿಲ್ಲ, ಕಟ್ಟಡವಿರಲಿಲ್ಲ. ಬಚ್ಚಿಟ್ಟುಕೊಂಡ, ಅವರದೇ ಮಾತಿನ ಬೈಬಲ್ ಇತ್ತು.

ನಿಮ್ಮನ್ನು ಯಾರು ಅಂದುಕೊಂಡಿದ್ದಾರೆ?

ಇದು ಚಿಕ್ಕ ವಿಷಯ, ಆದರೆ ಮರೆಯಬೇಡಿ. ಇಟಲಿಯ ಜೆಸ್ವಿಟ್ ಪಾದ್ರಿ ಮತ್ತೆಯೋ ರಿಚ್ಚಿ ಚೀನಾಕ್ಕೆ ಹೋದಾಗ ಮೊದಲು ಬೌದ್ಧ ಭಿಕ್ಷುಗಳ ಹಾಗೆ ತಲೆ ಬೋಳಿಸಿ ನಿಲುವಂಗಿ ಹಾಕಿದರು. ಧರ್ಮದವರು ಅಂದರೆ ಹಾಗಿರಬೇಕು ಎಂಬ ಲೆಕ್ಕ. ವರ್ಷಗಳು ಕಳೆದ ಮೇಲೆ ತಿಳಿಯಿತು, ತಾವು ಮಾತಾಡಬೇಕಾದ ಓದಿದ ಜನರು ಭಿಕ್ಷುಗಳಿಗೆ ಅಷ್ಟೇನೂ ಬೆಲೆ ಕೊಡುತ್ತಿರಲಿಲ್ಲ. 1595ರಲ್ಲಿ ವಿದ್ವಾಂಸರ ರೇಷ್ಮೆ ಉಡುಪಿಗೆ ಬದಲಾದರು, ಗಡ್ಡ ಬಿಟ್ಟರು.

ನಮ್ಮ ಬೆಟ್ಟದ ಊರಿನ ಸುವಾರ್ತಿಕರು ಬೈಕ್ ಮೇಲೆ, ಹೆಗಲಿಗೆ ಚೀಲ, ಕೈಯಲ್ಲಿ ರಸೀದಿ ಪುಸ್ತಕ ಹಿಡಿದು ಹೋಗುತ್ತಿದ್ದರು. ರಸೀದಿ ಪುಸ್ತಕ ಕೊಟ್ಟವಳು ನಾನು. ಸಾಲ ವಸೂಲಿಗೆ ಬಂದವರೆಂದು ಜನ ಆರು ತಿಂಗಳು ಬಾಗಿಲು ಹಾಕಿಕೊಂಡರಂತೆ. ಹೋದ ಮೂರನೇ ತಿಂಗಳಿಗೆ ಊರಿನ ಒಬ್ಬ ಹಿರಿಯರನ್ನು ಕೇಳಿ: 'ನಾವು ಯಾರು, ಯಾಕೆ ಬಂದಿದ್ದೇವೆ ಅಂತ ಜನ ಮಾತಾಡಿಕೊಳ್ಳುತ್ತಾರೆ?' ಉತ್ತರವನ್ನು ತಿದ್ದದೆ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.

ಹಣ

ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಚೀನಾದ ಶಾಂಡಾಂಗ್‌ನಲ್ಲಿದ್ದ ಜಾನ್ ನೀವಿಯಸ್ ಎಂಬ ಅಮೆರಿಕದ ಮಿಷನರಿ ಹಳೆಯ ರೂಢಿಯೊಂದನ್ನು ಬೇಡ ಎಂದರು. ಹೊಸದಾಗಿ ನಂಬಿದವರಲ್ಲಿ ಚೆನ್ನಾಗಿ ಮಾತಾಡುವವನನ್ನು ಆರಿಸಿ ಮಿಷನ್ ಸಂಬಳಕ್ಕೆ ಇಟ್ಟುಕೊಳ್ಳುವುದು ಆ ರೂಢಿ. ಹಾಗೆ ಮಾಡಿದ ಕೂಡಲೇ ಏನಾಗುತ್ತದೆ? ನಿನ್ನೆಯವರೆಗೆ ತನ್ನ ಕೆಲಸ ಮಾಡಿಕೊಂಡು ಪಕ್ಕದವರಿಗೆ ಸುವಾರ್ತೆ ಹೇಳುತ್ತಿದ್ದವನು ಇವತ್ತು ನೌಕರ. ಅವನ ಮಾತಿಗೆ ಬೆಲೆ ಇಳಿಯುತ್ತದೆ. ಉಳಿದವರು 'ನಮಗ್ಯಾವಾಗ?' ಎಂದು ಕಾಯುತ್ತಾರೆ. ನೀವಿಯಸ್ ಹೇಳಿದ್ದು ಹೀಗೆ: ನಂಬಿದವರು ಇದ್ದ ಕಸುಬಿನಲ್ಲೇ ಇರಲಿ. ಮುಂದಾಳುಗಳ ಖರ್ಚನ್ನು ಆಯಾ ಸಭೆಗಳೇ ನೋಡಿಕೊಳ್ಳಲಿ. ಕಟ್ಟಡವನ್ನು ಅವರೇ, ಅವರ ಕೈಲಾದ ಹಾಗೆ ಕಟ್ಟಲಿ. 1890ರಲ್ಲಿ ಅವರು ಸೋಲ್‌ಗೆ ಹೋಗಿ ಅಲ್ಲಿನ ಎಳೆಯ ಮಿಷನರಿಗಳ ಜೊತೆ ಎರಡು ವಾರ ಮಾತಾಡಿದರು. ಕೊರಿಯಾದ ಪ್ರೆಸ್ಬಿಟೇರಿಯನ್ ಪಂಗಡದ ಸಭೆಗಳು ಅದೇ ದಾರಿ ಹಿಡಿದವು.

ನೀವಿಯಸ್ ಹೆಸರು ಹೇಳಿ ಸುಮ್ನೆ ಹಣ ನಿಲ್ಲಿಸುವ ಕಮಿಟಿಗಳೂ ಇವೆ. ಅದು ಅರ್ಧ ಓದಿದವರ ಕೆಲಸ. ಅವರ ವಿಧಾನದಲ್ಲಿ ದೊಡ್ಡ ಪಾಲು ಕಲಿಸುವುದರದ್ದು. ಎಲ್ಲ ವಿಶ್ವಾಸಿಗಳಿಗೂ ಬೈಬಲ್ ತರಗತಿ, ಕಲಿತವರು ಊರಿಗೆ ಹೋಗಿ ಇನ್ನೊಬ್ಬರಿಗೆ ಕಲಿಸುವುದು. ಕಲಿಸದೆ ಕೈ ಎಳೆದುಕೊಂಡರೆ ಅದು ಬರೀ ಜಿಪುಣತನ.

ನನ್ನ ಪುಸ್ತಕದಲ್ಲಿ ಈಗ ಇರುವ ನಿಯಮಗಳು ಇವು. ನೀವು ಕಳಿಸಿದ ಹೊರಗಿನವರಿಗೆ ಖರ್ಚು ಕೊಡಿ, ಆದರೆ ಕೊನೆಯ ತಿಂಗಳು ಯಾವುದು ಎಂದು ಮೊದಲೇ ಹೇಳಿ. ಆ ಊರಿನವರಿಗೆ ನಮ್ಮಿಂದ ತಿಂಗಳ ಸಂಬಳ ಬೇಡ. ಮನೆಯಲ್ಲಿ ಸೇರಲು ಜಾಗ ಇರುವವರೆಗೆ ಕಟ್ಟಡದ ಮಾತೇ ಬೇಡ. ಕಟ್ಟುವುದೇ ಆದರೆ, ಮಾಡು ಸೋರಿದರೆ ಅಲ್ಲಿನವರೇ ಹತ್ತಿ ಸರಿಮಾಡಬಲ್ಲ ಕಟ್ಟಡ ಮಾತ್ರ. ಯಂತ್ರ ಕೊಡುವ ಮುಂಚೆ ಅದರ ಎಣ್ಣೆ ಯಾರದು, ರಿಪೇರಿ ಯಾರದು ಎಂದು ಕೇಳಿ. ನಮ್ಮ ಜನರೇಟರ್ ಎರಡು ವರ್ಷ ಓಡಿತು, ಐದು ವರ್ಷ ತುಕ್ಕು ಹಿಡಿಯಿತು. ಅದನ್ನು ಇಡಲು ಒಂದು ಕೋಣೆಯನ್ನೂ ಕಟ್ಟಿಸಿದ್ದೆವು. ನಗಬೇಡಿ.

ಮೊದಲ ಕೂಟದಿಂದಲೇ ಕಾಣಿಕೆ ಎತ್ತಲಿ. ಎಷ್ಟು ಕಡಿಮೆಯಾದರೂ ಸರಿ. ಅದನ್ನು ಅವರೇ ಎಣಿಸಿ, ಅವರೇ ಬರೆದು, ಯಾವುದಕ್ಕೆ ಎಂದು ಅವರೇ ತೀರ್ಮಾನ ಮಾಡಲಿ. ಬಡವರ ಹತ್ತಿರ ಹೇಗೆ ಕೇಳುವುದು ಎಂದು ನಾವು ಬೆಟ್ಟದ ಊರಿನಲ್ಲಿ ಎಂಟು ವರ್ಷ ಕಾಣಿಕೆಯನ್ನೇ ಎತ್ತಲಿಲ್ಲ. ಆಚೆಯ ಊರಿನವರು ಅದಕ್ಕಿಂತ ಬಡವರು. ಕೂಟ ಶುರುವಾದ ಎರಡನೇ ತಿಂಗಳಲ್ಲೇ ತಮ್ಮ ಕಾಣಿಕೆಯಿಂದ ಒಬ್ಬ ಕಾಯಿಲೆಯವರ ಔಷಧಿ ತಂದುಕೊಟ್ಟರು.

ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಹೋಗುವ ಉಪಾಯವನ್ನೂ ನಾವು ಬೆಟ್ಟದ ಊರಿನಲ್ಲಿ, ಹಣ ಪೂರ್ತಿ ನಿಲ್ಲುವ ಮುಂಚೆ, ಮಾಡಿ ನೋಡಿದೆವು. ಮೊದಲ ವರ್ಷ ಐದನೇ ಒಂದು ಪಾಲು ಕಡಿತ, ಹಾಗೇ ಮುಂದಕ್ಕೆ. ಕಾಗದದ ಮೇಲೆ ತುಂಬಾ ಚೆನ್ನಾಗಿತ್ತು. ನಾವು ಕೊಡುವ ಹಣದ ಗೆರೆ ಇಳಿಯಿತು, ಅವರು ಹಾಕುವ ಹಣದ ಗೆರೆ ಏರಲೇ ಇಲ್ಲ. ಯಾಕೆಂದರೆ ಅವರ ಗೆರೆಯನ್ನು ನಾವು ಬರೆದೇ ಇರಲಿಲ್ಲ. ನೀವು ಈ ದಾರಿ ಹಿಡಿದರೆ ಎರಡೂ ಗೆರೆಗಳನ್ನು ಒಂದೇ ಪುಟದಲ್ಲಿ ಬರೆಯಿರಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ.

ಹಾಗಂತ ಹಿಂದಿನವರನ್ನು ಆಡಿಕೊಳ್ಳುವುದು ಸುಲಭದ ಕೆಲಸ. ಮಂಗಳೂರಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ನೇಯ್ಗೆ ಶುರು ಮಾಡಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿತು. ನಂಬಿದವರು ಮನೆ, ಕಸುಬು ಎರಡನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಪ್ರಾರ್ಥನೆ ಮಾತ್ರ ಹೇಳಿಕೊಟ್ಟು ಸುಮ್ಮನಿರಲು ಆಗುತ್ತಿತ್ತೇ? ನಾನಿದ್ದರೂ ಕಾರ್ಖಾನೆಯ ವೋಚರ್‌ಗೆ ಸಹಿ ಹಾಕುತ್ತಿದ್ದೆ. ಆದರೆ ಸಭೆಯೂ ಕೆಲಸವೂ ಒಂದೇ ಕೈಯಲ್ಲಿದ್ದಾಗ ಆ ಕೈ ಹೋದರೆ ಏನು ಎಂಬ ಪ್ರಶ್ನೆ ಉಳಿಯುತ್ತದೆ. ಮೊದಲ ಮಹಾಯುದ್ಧ ಬಂತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧಿಸಿ ವಾಪಸ್ ಕಳಿಸಿತು. ಕಾರ್ಖಾನೆಗಳು ಬೇರೆಯವರ ಕೈ ಸೇರಿದವು. ಈಗಿನ ಜಾರ್ಖಂಡ್ ಕಡೆಯ ಛೋಟಾನಾಗಪುರದ ಗಾಸ್ನರ್ ಮಿಷನ್ನಿನ ಜರ್ಮನರೂ ಅದೇ ಯುದ್ಧದಲ್ಲಿ ಹೊರಡಬೇಕಾಯಿತು. ಅಲ್ಲಿನ ಸಭೆ 1919ರ ಜುಲೈ 10ರಂದು ತಾನು ಸ್ವತಂತ್ರ ಎಂದು ಘೋಷಿಸಿಕೊಂಡಿತು. ನಾಲ್ಕನೇ ಕಾಲಂ ಅನ್ನು ನೀವು ತುಂಬದಿದ್ದರೆ ಒಂದು ದಿನ ಯುದ್ಧವೋ ಕಾನೂನೋ ಬಂದು ತುಂಬುತ್ತದೆ.

ಸಹಾಯದ ಪಟ್ಟಿಯಲ್ಲಿ ಧರ್ಮದ ಕಾಲಂ ಬೇಡ

ಶಾಲೆ, ಆಸ್ಪತ್ರೆ, ಬರಗಾಲದ ಅಕ್ಕಿ ಯಾವುದೇ ಇರಲಿ, ಸಹಾಯ ಪಡೆಯುವವರ ಪಟ್ಟಿಯಲ್ಲಿ ಧರ್ಮ ಕೇಳುವ ಜಾಗವೇ ಇರಬಾರದು. ಸಹಾಯವನ್ನು ದೀಕ್ಷಾಸ್ನಾನಕ್ಕೆ ಗಂಟು ಹಾಕಿದರೆ ಅದು ಆಮಿಷ. ಕಾನೂನಿನ ಮಾತು ಪಕ್ಕಕ್ಕಿರಲಿ, ಆ ದೀಕ್ಷಾಸ್ನಾನ ಪಡೆದವನಿಗೇ ಅದು ಅವಮಾನ. 2011ರ ಜೂನ್‌ನಲ್ಲಿ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್, ವ್ಯಾಟಿಕನ್ನಿನ ಅಂತರಧರ್ಮ ಸಂವಾದದ ಮಂಡಳಿ, ವರ್ಲ್ಡ್ ಇವಾಂಜೆಲಿಕಲ್ ಅಲಯನ್ಸ್, ಈ ಮೂರೂ ಸೇರಿ ತಮ್ಮ ನಂಬಿಕೆಯ ಸಾಕ್ಷಿ ಹೇಗೆ ಕೊಡಬೇಕು ಎಂಬುದಕ್ಕೆ ಒಂದು ಚಿಕ್ಕ ಮಾರ್ಗಸೂಚಿ ತಂದವು. ಈ ಮೂವರು ಒಂದು ಕಾಗದಕ್ಕೆ ಒಪ್ಪುವುದೇ ಅಪರೂಪ. ಬಲವಂತ ಬೇಡ, ಬಡತನವನ್ನು ಬಳಸಿಕೊಳ್ಳಬೇಡಿ, ಬೇರೆ ಧರ್ಮದವರ ಬಗ್ಗೆ ಸುಳ್ಳು ಹೇಳಬೇಡಿ ಎನ್ನುತ್ತದೆ ಅದು. ಕಮಿಟಿಯಲ್ಲಿ ಎಲ್ಲರೂ ಕೂತು ಜೋರಾಗಿ ಓದಿ.

ನಾಲ್ಕು ದಿನದ ಗುಂಪು ಭೇಟಿಗಳ ಬಗ್ಗೆ ಒಂದೇ ಮಾತು. ಹೋಗಿ, ಆದರೆ ಕಲಿಯಲು ಹೋಗಿ. ಅಲ್ಲಿನವರು ಮಾಡಬಲ್ಲ ಕೆಲಸವನ್ನು ಮಾಡಿ ಫೋಟೋ ತೆಗೆಸಿಕೊಳ್ಳಬೇಡಿ. ನಮ್ಮ ಯುವಕರು ಬಳಿದ ಗೋಡೆಯನ್ನು ಊರಿನವರು ಮತ್ತೆ ಬಳಿದರಂತೆ, ಪಾಪ, ನಾವು ಹೊರಡುವವರೆಗೆ ಕಾದು.

ಕುರ್ಚಿ ಬಿಟ್ಟುಕೊಡುವುದು

ಹಣಕ್ಕಿಂತ ಕಷ್ಟದ್ದು ಇದು. ಸ್ಯಾಮ್ಯುಯೆಲ್ ಅಜಯಿ ಕ್ರೌಥರ್ ಈಗಿನ ನೈಜೀರಿಯಾದ ಯೊರುಬಾ ಜನರ ಹುಡುಗ. ಗುಲಾಮರ ಹಡಗಿನಲ್ಲಿದ್ದವನನ್ನು 1822ರಲ್ಲಿ ಬ್ರಿಟಿಷ್ ನೌಕಾಪಡೆ ಬಿಡಿಸಿತು. ಮುಂದೆ ಯೊರುಬಾ ಬೈಬಲ್ ಅನುವಾದದ ಮುಖ್ಯ ಕೈ ಅವರೇ ಆದರು. 1864ರಲ್ಲಿ ಅವರನ್ನು ಬಿಷಪ್ ಮಾಡಿಸಲು ನಿಂತವರು ಅದೇ ಹೆನ್ರಿ ವೆನ್. ಆಫ್ರಿಕಾದ ಸಭೆಯನ್ನು ಆಫ್ರಿಕಾದವರೇ ನಡೆಸಬೇಕು ಎಂಬ ಮಾತು ನಡೆದು ತೋರಿದ ದಿನ ಅದು. 1873ರಲ್ಲಿ ವೆನ್ ತೀರಿಕೊಂಡರು. ಆಮೇಲೆ ಬಂದ ಎಳೆಯ ಯುರೋಪಿಯನ್ ಮಿಷನರಿಗಳಿಗೆ ಕ್ರೌಥರ್ ಅವರ ಕೆಲಸಗಾರರಲ್ಲಿ ತಪ್ಪುಗಳೇ ಕಂಡವು. 1890ರಲ್ಲಿ ಮುದಿ ಬಿಷಪರ ಎದುರಿಗೇ ಅವರ ಜನರನ್ನು ತೆಗೆದುಹಾಕಿದರು. ಮರುವರ್ಷದ ಡಿಸೆಂಬರ್ 31ರಂದು ಕ್ರೌಥರ್ ತೀರಿಕೊಂಡರು. ಅವರ ಜಾಗಕ್ಕೆ ಬಂದದ್ದು ಯುರೋಪಿನವರು.

ಇದನ್ನು ಓದಿದ ಮೇಲೆ ನಾನು ನಮ್ಮ ಕಮಿಟಿಯಲ್ಲಿ ಒಂದು ಹಟ ಹಿಡಿದೆ. ಒಪ್ಪಿಸಿಕೊಡುವ ತೀರ್ಮಾನ ಒಬ್ಬ ಒಳ್ಳೆಯ ಕಾರ್ಯದರ್ಶಿಯ ಮನಸ್ಸಿನಲ್ಲಿ ಇದ್ದರೆ ಸಾಲದು. ಅದು ನಡಾವಳಿ ಪುಸ್ತಕದಲ್ಲಿ ಬರಬೇಕು, ಮುಂದಿನ ಕಮಿಟಿಯನ್ನೂ ಕಟ್ಟಿಹಾಕುವ ಹಾಗೆ. ಎರಡನೇ ವರ್ಷದ ಒಳಗೆ ಕೂಟದ ಅಧ್ಯಕ್ಷತೆ ಅಲ್ಲಿನವರಿಗೆ. ಮೂರನೇ ವರ್ಷ ಬ್ಯಾಂಕ್ ಖಾತೆಯ ಸಹಿ ಅವರದು, ನಮ್ಮದು ತೆಗೆದುಹಾಕಿ. ಅವರು ತಪ್ಪು ಮಾಡುತ್ತಾರಾ? ಮಾಡುತ್ತಾರೆ. ನಾವು ಜನರೇಟರ್‌ಗೆ ಕೋಣೆ ಕಟ್ಟಿಸಿದವರು, ತಪ್ಪಿನ ಮಾತು ನಮ್ಮ ಬಾಯಲ್ಲಿ ಬರಬಾರದು.

ಅಧಿಕಾರ ಕೊಟ್ಟು ದೂರ ನಿಲ್ಲುವುದೂ ಅಲ್ಲ. 1910ರಲ್ಲಿ ಎಡಿನ್‌ಬರೋದಲ್ಲಿ ಜಗತ್ತಿನ ಮಿಷನ್‌ಗಳೆಲ್ಲ ಸೇರಿದ್ದವು. ಸುಮಾರು 1,200 ಪ್ರತಿನಿಧಿಗಳು, ಹೆಚ್ಚಿನವರು ಯುರೋಪ್, ಅಮೆರಿಕದವರು. ಅವರ ಮುಂದೆ ವೇದನಾಯಕಂ ಸಾಮುವೇಲ್ ಅಜರಾಯ ನಿಂತು, ನೀವು ತ್ಯಾಗ ಮಾಡಿದ್ದೀರಿ, ಹಣ ಕೊಟ್ಟಿದ್ದೀರಿ, ಈಗ ನಮಗೆ ಸ್ನೇಹಿತರನ್ನು ಕೊಡಿ ಎಂದು ಕೇಳಿದರು. ಎರಡು ವರ್ಷದ ಮೇಲೆ ಅವರೇ ಈಗಿನ ತೆಲಂಗಾಣದ ದೋರ್ನಕಲ್‌ನ ಬಿಷಪ್ ಆದರು, ಇಂಗ್ಲೆಂಡಿನ ಚರ್ಚಿನ ಪಂಗಡವಾದ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಇದನ್ನು ಅಳೆಯಲು ನನ್ನದೊಂದು ಸಣ್ಣ ಪ್ರಶ್ನೆ ಇದೆ. ಅಲ್ಲಿನವರು ನಿಮ್ಮ ಮನೆಯಲ್ಲಿ ಎಷ್ಟು ರಾತ್ರಿ ಮಲಗಿದ್ದಾರೆ? ನೀವು ಅವರ ಮನೆಯಲ್ಲಿ ಮಲಗಿದ್ದರ ಲೆಕ್ಕವಷ್ಟೇ ಇದ್ದರೆ ಅದು ತಪಾಸಣೆ.

ಬಿಡುವ ದಿನ

ವರ್ಷಕ್ಕೊಮ್ಮೆ ನೋಟ್‌ಬುಕ್ ತೆಗೆದು ನಾಲ್ಕನೇ ಕಾಲಂ ಓದಿ. ಎಷ್ಟು ಹೆಸರು ಹೊಸದಾಗಿ ಬಂದಿವೆ ಎಂಬುದೇ ಆ ವರ್ಷದ ವರದಿ. ಹಾಜರಾತಿ, ದೀಕ್ಷಾಸ್ನಾನದ ಸಂಖ್ಯೆಗಳನ್ನು ಕೊನೆಗೆ ನೋಡಿ, ನೋಡದಿದ್ದರೂ ನಡೆಯುತ್ತದೆ.

ಹೊರಡುವ ಮೊದಲು ಅವರನ್ನು ಕೇಳಿ: 'ನಾವು ಇನ್ನು ಬರದಿದ್ದರೆ ಒಳ್ಳೆಯದಾ?' ಕೇಳಲು ಧೈರ್ಯ ಬೇಕು. 1971ರಲ್ಲಿ ಕೀನ್ಯಾದ ಸಭಾನಾಯಕ ಜಾನ್ ಗಾಟು, ಮಿಷನರಿಗಳನ್ನೂ ಹಣವನ್ನೂ ಕೆಲವು ಕಾಲ ನಿಲ್ಲಿಸಿ, ನಾವು ನಮ್ಮ ಕಾಲ ಮೇಲೆ ನಿಲ್ಲುತ್ತೇವೆ ಎಂದಾಗ ಎಷ್ಟೋ ಮಿಷನ್‌ಗಳಿಗೆ ಸಿಟ್ಟು ಬಂತು. ಕೃತಜ್ಞತೆ ಇಲ್ಲ ಎಂದರು. ನಮ್ಮನ್ನು ಆಚೆಯ ಊರಿನವರು ಬೇರೆ ರೀತಿಯಲ್ಲಿ ಕಳಿಸಿದರು. ಅಲ್ಲಿನ ಹಿರಿಯ ಹೆಂಗಸೊಬ್ಬರು ನನ್ನ ಕೈ ಹಿಡಿದು, 'ಅಕ್ಕಾ, ಇನ್ನು ಮೇಲೆ ಬರುವುದಾದರೆ ನೆಂಟರಾಗಿ ಬನ್ನಿ, ಪುಸ್ತಕ ತರಬೇಡಿ' ಎಂದರು.

ಒಪ್ಪಿಸುವ ದಿನ ಕಾಗದಪತ್ರ, ಖಾತೆ, ಬೀಗದ ಕೈ ಎಲ್ಲವನ್ನೂ ಒಂದೇ ಸಲಕ್ಕೆ ಕೊಡಿ. ಅದರ ಮೇಲೆ ಒಂದು ವರ್ಷ ಅವರ ಯಾವ ಮೀಟಿಂಗಿಗೂ ಹೋಗಿ ಕೂರಬೇಡಿ. ಫೋನ್ ಬಂದರೆ ಕೇಳಿಸಿಕೊಳ್ಳಿ, ಅವರಾಗಿ ಕೇಳದೆ ಸಲಹೆ ಕೊಡಬೇಡಿ. ಒಂದು ಬೀಗದ ಕೈಯನ್ನೂ 'ಇರಲಿ, ಬೇಕಾಗಬಹುದು' ಎಂದು ಇಟ್ಟುಕೊಳ್ಳಬೇಡಿ. ಬೆಟ್ಟದ ಊರಿನ ಪ್ರಾರ್ಥನಾ ಮಂದಿರದ ಒಂದು ಕೈ ನನ್ನ ಮೇಜಿನ ಡ್ರಾಯರ್‌ನಲ್ಲೇ ಉಳಿದಿತ್ತು. ಆರಾಧನೆ ನಿಂತು ಎರಡು ವರ್ಷದ ಮೇಲೆ ಆ ಊರಿನ ಒಬ್ಬ ಹುಡುಗ ಫೋನ್ ಮಾಡಿದ. ಅವರ ಬೀಗದ ಕೈ ಕಳೆದುಹೋಗಿದೆಯಂತೆ, ನಾಲ್ಕು ಜನ ಮತ್ತೆ ಸೇರೋಣ ಅಂತಿದ್ದಾರಂತೆ, ನಮ್ಮ ಕೈ ಕಳಿಸಿಕೊಡಲಾ ಎಂದು ನಾನೇ ಕೇಳಿದೆ. 'ಬೇಡ ಅಕ್ಕಾ, ಬೀಗ ಒಡೆದುಬಿಟ್ಟಿದ್ದೇವೆ, ನಿಮಗೆ ಹೇಳೋಣ ಅಂತ ಮಾಡಿದ್ದು ಅಷ್ಟೇ' ಅಂದ.